ಕಪ್ಪಿನ ಮೇಲೆ ಕಪ್ಪು

ಲಿಗೋರಿಯ ಕಣ್ಣು ಕೆಂಪಾದದ್ದೇ ಎಲ್ಲ ರಾದ್ಧಾಂತಕ್ಕೂ ಮೂಲ.

ಆ ಸೋಮವಾರ ಬೆಳಿಗ್ಗೆ ಬನ್ನಂಜೆಯ ಹಂಚಿನ ಕಂಪೆನಿಯ ಕಚೇರಿಗೆ ಬಂದು ಅವನು ಕುರ್ಚಿಯಲ್ಲಿ ಕೂತನೋ ಇಲ್ಲವೋ, ಚಹಾ ತಂದ ಪ್ಯೂನ್ ಚೆನ್ನಪ್ಪ ಲೋಟ ಇಡುವುದನ್ನೂ ಮರೆತು ಅವನ ಮುಖವನ್ನೇ ನೋಡಿದ. ಊರಿನ ಕ್ರೈಸ್ತರನ್ನೆಲ್ಲ ಗೌರವದಿಂದ ಪೊರ್ಬುಗಳೆಂದು ಕರೆಯುವುದು ಅವನ ರೂಢಿ.

"ಪೊರ್ಬುಲೇ, ನಿಮ್ಮ ಕಣ್ಣು ಮಾರಾಟವಾಗದೆ ಸಂಜೆವರೆಗೆ ಬುಟ್ಟಿಯಲ್ಲಿ ಉಳಿದ ಬಂಗುಡೆಯ ಕಣ್ಣಿನ ಹಾಗೆ ಉಂಟು."

"ಗೊತ್ತುಂಟು ಮಾರಾಯ. ಮನೆಯಲ್ಲಿ ಜೆರ್ಟ್ರೂಡ್ ಕೂಡ ಅದನ್ನೇ ಹೇಳಿದಳು," ಎಂದು ಲಿಗೋರಿ ಹೆಂಡತಿಯ ಮಾತು ನೆನೆದು ನಿಟ್ಟುಸಿರು ಬಿಟ್ಟ.

ಕಚೇರಿಗೆ ಕಂಪ್ಯೂಟರ್ ಬಂದು ಮೂರು ತಿಂಗಳಾಗಿತ್ತು. ೧೯೮೮ನೇ ಇಸವಿ, ಇಡೀ ಬನ್ನಂಜೆಯಲ್ಲಿ ಅಂಥದ್ದು ಇನ್ನೊಂದು ಇರಲಿಲ್ಲ ಎಂಬುದು ಕಂಪೆನಿಯ ಧಣಿ ಮಧ್ವರಾಜರ ನಂಬಿಕೆ. ಇಂಗ್ಲಿಷ್ ಚೆನ್ನಾಗಿ ಬರುತ್ತದೆಂಬ ಒಂದೇ ಕಾರಣಕ್ಕೆ ಅವರು ಲಿಗೋರಿಯನ್ನು ಮಣಿಪಾಲಕ್ಕೆ ಕಳಿಸಿ ಮೂರು ದಿನ ತರಬೇತಿ ಕೊಡಿಸಿದ್ದರು. ಅಲ್ಲಿಯವರೆಗೆ ಇಪ್ಪತ್ತೆರಡು ವರ್ಷ ಕಂಪೆನಿಯ ಪತ್ರಗಳನ್ನೆಲ್ಲ ಟೈಪ್ ಮಾಡುತ್ತಿದ್ದ ಪಂಕಜಕ್ಕ ಈಗ ಮೂಲೆಯಲ್ಲಿ ಕೂತು ಲಕೋಟೆಗೆ ಅಂಚೆಚೀಟಿ ಅಂಟಿಸುತ್ತಿದ್ದರು. ಅವರ ಟೈಪ್‌ರೈಟರ್ ಕಪಾಟಿನ ಮೇಲೆ ಹತ್ತಿ ಕೂತಿತ್ತು. ಕಂಪ್ಯೂಟರಿನ ವಿಷಯ ಬಂದಾಗಲೆಲ್ಲ ಪಂಕಜಕ್ಕ ಬಾಯಿ ಬಿಡುತ್ತಿರಲಿಲ್ಲ. ಅವರನ್ನು ಯಾರೂ ಕೇಳುತ್ತಲೂ ಇರಲಿಲ್ಲ.

ಪರದೆಯೋ ಕಡು ನೀಲಿ. ಅದರ ಮೇಲೆ ಸುಣ್ಣದಂಥ ಬಿಳಿ ಅಕ್ಷರ. ಒಂದು ಪತ್ರ ಮುಗಿಸುವಷ್ಟರಲ್ಲಿ ಲಿಗೋರಿಗೆ ಎದುರಿನ ಗೋಡೆಯಲ್ಲೂ ಅಕ್ಷರಗಳು ಓಡಾಡುತ್ತಿದ್ದವು.

"ಬಣ್ಣ ಬದಲಾಯಿಸಿ ಮಾರಾಯ್ರೆ," ಎಂದ ಪಕ್ಕದ ಮೇಜಿನ ದಾಮೋದರ. ಹಂಚಿನ ಲಾರಿಗಳನ್ನು ಕಳಿಸುವುದು ಅವನ ಕೆಲಸ, ಉಳಿದ ಹೊತ್ತಿನಲ್ಲಿ ಸಲಹೆ ಕೊಡುವುದು ಅವನ ಹವ್ಯಾಸ. "ಹಿಂದೆ ಕಪ್ಪು ಹಾಕಿ, ಅಕ್ಷರ ಹಸಿರು ಮಾಡಿ. ಕಣ್ಣಿಗೆ ಎಳನೀರು ಕುಡಿದ ಹಾಗೆ ಆಗ್ತದೆ."

ಲಿಗೋರಿಗೆ ಅದು ಸರಿಯೆನಿಸಿತು. ಪತ್ರ ಬರೆಯುವ ಪ್ರೋಗ್ರಾಮಿನ ಒಳಗೇ ಬಣ್ಣದ ಪಟ್ಟಿ ಇತ್ತು. ಕಪ್ಪಿಗೆ ಸೊನ್ನೆ, ಹಸಿರಿಗೆ ಹತ್ತು. ಹಿನ್ನೆಲೆಗೆ ಸೊನ್ನೆ ಒತ್ತಿದ. ಅಕ್ಷರಕ್ಕೆ ಒಂದು, ಸೊನ್ನೆ ಎಂದು ಒತ್ತಿದ. ಒಂದರ ಮೇಲೆ ಬೆರಳು ಸರಿಯಾಗಿ ಬೀಳಲಿಲ್ಲ. ಖಚಿತವೇ ಎಂದು ಮೆಷಿನ್ ಕೇಳಿತು. ಲಿಗೋರಿ ಅದನ್ನು ಓದುವ ಮೊದಲೇ ಹೌದೆಂದ.

ಪರದೆ ಬಾವಿಯಂತೆ ಕಪ್ಪಾಯಿತು. ಕಪ್ಪಿನ ಮೇಲೆ ಕಪ್ಪು ಅಕ್ಷರ. ಬಣ್ಣದ ಪಟ್ಟಿಯೂ ಅದರಲ್ಲೇ ಮುಳುಗಿಹೋಗಿತ್ತು.

ಮೆಷಿನ್ ಆರಿಸಿ ಹೊತ್ತಿಸಿದ. ಮೊದಲು ನಾಲ್ಕು ಸಾಲು ಬಿಳಿ ಅಕ್ಷರ ಬಂತು. "ಬಂತು!" ಎಂದು ಚೆನ್ನಪ್ಪ ಕೂಗಿದ. ಪ್ರೋಗ್ರಾಂ ತೆರೆದದ್ದೇ ಮತ್ತೆ ಕತ್ತಲೆ. ಲಿಗೋರಿ ಕೊಟ್ಟ ಅಪ್ಪಣೆಯನ್ನು ಅದು ಭದ್ರವಾಗಿ ನೆನಪಿಟ್ಟುಕೊಂಡಿತ್ತು. ಮುನ್ನೂರು ಪುಟದ ಕೈಪಿಡಿ ತೆರೆದು ನೋಡಿದರೆ, ಬಣ್ಣ ಬದಲಾಯಿಸಲು ಬಣ್ಣದ ಪಟ್ಟಿಯನ್ನು ನೋಡಿ ಎಂದಿತ್ತು.

ಆಗಲೇ ಫೋನ್ ರಿಂಗಾಯಿತು. ಮಣಿಪಾಲದಿಂದ ಧಣಿಗಳು.

"ಲಿಗೋರಿ, ಕಾರ್ಕಳದ ನಮ್ಮ ಬ್ರಾಂಚಿನ ಮ್ಯಾನೇಜರ್ ಇಮ್ಯಾನುಯೆಲ್ ಬಂದಿದ್ದಾರೆ. ಮೂರು ಗಂಟೆಗೆ ಕರೆದುಕೊಂಡು ಬರ್ತೇನೆ. ನಮ್ಮ ಮೆಷಿನ್ ಹೇಗೆ ಕೆಲಸ ಮಾಡ್ತದೆ ಅಂತ ಅವರಿಗೆ ತೋರಿಸಬೇಕು. ಅದಕ್ಕೆ ಏನೂ ಆಗಿಲ್ಲ ಅಲ್ವಾ?"

"ಎಂತ ಆಗ್ಲಿಕ್ಕುಂಟು ಸರ್?" ಎಂದ ಲಿಗೋರಿ. ಮೆಷಿನ್ ಬಂದ ದಿನವೇ ಧಣಿಗಳು ಹೇಳಿದ್ದರು: ಇದಕ್ಕೆ ಏನಾದರೂ ಆದರೆ ನಿಮ್ಮನ್ನು ಉಚ್ಚಿಲದ ನಮ್ಮ ಕಾರ್ಖಾನೆಯ ಅಂಗಳದಲ್ಲಿ ಹಂಚು ಒಣಗಿಸಲು ಹಾಕುತ್ತೇನೆ. ಅವರು ತಮಾಷೆ ಮಾಡುವ ಮನುಷ್ಯ ಅಲ್ಲ.

ಮುಂದಿನ ನಾಲ್ಕು ಗಂಟೆ ಕಚೇರಿಯಲ್ಲಿ ಬೇರೆ ಯಾವ ಕೆಲಸವೂ ನಡೆಯಲಿಲ್ಲ. ಚೆನ್ನಪ್ಪ ತನ್ನ ರೇಡಿಯೋಗೆ ಬಡಿಯುವ ಹಾಗೆ ಪರದೆಯ ಕೆನ್ನೆಗೆ ಎರಡು ಬಾರಿಸಿದ. ಅದು ಮಿಸುಕಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದ. ಕಪ್ಪು ಇನ್ನಷ್ಟು ಹೊಳೆಯಿತು. ಕೆಳಗಿನ ಗುಂಡಿಯನ್ನು ಲಿಗೋರಿ ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. ಕಡೆಗೆ ಆ ಗುಂಡಿಯೇ ಕಿತ್ತು ಅವನ ಕೈಗೆ ಬಂತು. ಗೋಂದು ಹಚ್ಚಿ ಕೂರಿಸಿದ್ದಾಯಿತು.

"ಅಕ್ಷರ ಒಳಗೆ ಉಂಟು. ಬೆಳಕಿಗೆ ನಮಗೆ ಕಾಣುವುದಿಲ್ಲ, ಅಷ್ಟೇ," ಎಂದ ದಾಮೋದರ.

ಕಿಟಕಿಗಳನ್ನು ಮುಚ್ಚಿದರು. ಸಾಲದೆಂದು ದಾಮೋದರ ತನ್ನ ಕೊಡೆ ಬಿಡಿಸಿದ. ಮೂವರೂ ಅದರ ಅಡಿಯಲ್ಲಿ ತಲೆಗೆ ತಲೆ ತಾಗಿಸಿ, ಗಾಜಿಗೆ ಮೂಗು ಒತ್ತಿ ಅಕ್ಷರ ಹುಡುಕುತ್ತಿದ್ದಾಗ ಬಾಗಿಲು ತೆರೆಯಿತು.

"ಒಳಗೆ ಸೋರ್ತದಾ?" ಎಂದು ಕೇಳಿದರು ಮಧ್ವರಾಜರು. ಅವರ ಹಿಂದೆ ಇಮ್ಯಾನುಯೆಲ್ ಹಂಚಿನ ಮಾಡನ್ನು ನೋಡುತ್ತಾ ನಿಂತಿದ್ದರು.

ದಾಮೋದರ ಕೊಡೆ ಮಡಚಿಕೊಂಡು ಲಾರಿಯ ಪುಸ್ತಕದೊಳಗೆ ತಲೆ ಹುದುಗಿಸಿದ. ಚೆನ್ನಪ್ಪ ಚಹಾ ತರಲು ಓಡಿದ. ಲಿಗೋರಿಯೊಬ್ಬ ಉಳಿದ.

"ಹ್ಞೂಂ, ಕಾಪುವಿನ ವ್ಯಾಪಾರಿಗೆ ಒಂದು ಪತ್ರ ಬರೆಯಿರಿ. ಇಮ್ಯಾನುಯೆಲ್ ನೋಡಲಿ."

ಹೊಸ ಪತ್ರ ತೆರೆಯುವ ಗುಂಡಿಗಳು ಲಿಗೋರಿಗೆ ಬಾಯಿಪಾಠವಾಗಿದ್ದವು. ಒತ್ತಿದ. ಆದರೆ ಟೈಪ್ ಮಾಡುವುದು ಹೇಗೆ? ಅವನದು ಒಂದು ಬೆರಳಿನ ಟೈಪಿಂಗ್. ಒಂದು ಅಕ್ಷರ ಹೊಡೆದು, ಬಿತ್ತೇ ಎಂದು ಪರದೆ ನೋಡಿ, ಆಮೇಲೆ ಮುಂದಿನದು. ಬೆವರು ಮೂಗಿನ ತುದಿಯಿಂದ ಕೀಲಿಮಣೆಗೆ ತೊಟ್ಟಿಕ್ಕಿತು.

"ಏಳಿ," ಎಂದಿತು ಹಿಂದಿನಿಂದ ಒಂದು ಧ್ವನಿ. ಪಂಕಜಕ್ಕ.

ಲಿಗೋರಿ ಎದ್ದ. ಪಂಕಜಕ್ಕ ಸೆರಗು ಸಿಕ್ಕಿಸಿ ಕೂತು, ಧಣಿಗಳ ಮುಖ ನೋಡುತ್ತಾ, "ಹೇಳಿ ಸರ್," ಎಂದರು.

ಮಧ್ವರಾಜರು ಹೇಳುತ್ತಾ ಹೋದರು. ಪಂಕಜಕ್ಕನ ಹತ್ತು ಬೆರಳೂ ಹುರಿಯುವ ಕಡಲೆ ಸಿಡಿದಂತೆ ಓಡಿದವು. ಒಮ್ಮೆಯೂ ಕೆಳಗೆ ನೋಡಲಿಲ್ಲ, ಎದುರಿಗೂ ನೋಡಲಿಲ್ಲ. ಮುಗಿದ ಮೇಲೆ ಲಿಗೋರಿ ಪ್ರಿಂಟಿನ ಗುಂಡಿ ಒತ್ತಿದ. ಪ್ರಿಂಟರ್ ಕರ್ರ್ ಕರ್ರ್ ಎಂದು ಕಾಗದ ಉಗುಳಿತು. ಒಂದೇ ಒಂದು ತಪ್ಪಿಲ್ಲ!

"ಅಲ್ಲ, ಸ್ಕ್ರೀನ್ ಕಪ್ಪು ಉಂಟಲ್ಲ?" ಎಂದರು ಇಮ್ಯಾನುಯೆಲ್ ಬೆರಗಾಗಿ.

"ಅದು ಹೊಸ ಕ್ರಮ," ಎಂದ ದಾಮೋದರ, ಪುಸ್ತಕದಿಂದ ತಲೆಯೆತ್ತಿ. "ಕಣ್ಣಿಗೆ ಒಳ್ಳೆಯದು ಅಂತ."

ಮಧ್ವರಾಜರ ಮುಖ ಅರಳಿತು. "ಲಿಗೋರಿ! ಪಂಕಜಮ್ಮನಿಗೆ ಇದನ್ನು ನೀವು ಕಲಿಸಿದ್ದಾ?"

ಲಿಗೋರಿ ಪಂಕಜಕ್ಕನನ್ನು ನೋಡಿದ. ಧಣಿಗಳನ್ನು ನೋಡಿದ. ಉಚ್ಚಿಲದ ಅಂಗಳದ ಬಿಸಿಲು ಕಣ್ಣ ಮುಂದೆ ಬಂತು.

"ಹೌದು ಸರ್," ಎಂದ. "ನಾನೇ."

ಪಂಕಜಕ್ಕ ಎದ್ದು ತಮ್ಮ ಲಕೋಟೆಗಳ ಕಡೆಗೆ ಹೋದರು.

"ಭೇಷ್! ಕಲಿತವರಿಗೇ ಇಷ್ಟು ಬಂದರೆ ಕಲಿಸಿದವರಿಗೆ ಎಷ್ಟು ಬರಬೇಡ!" ಎಂದರು ಧಣಿಗಳು. "ಇಮ್ಯಾನುಯೆಲ್, ನಿಮ್ಮ ಬ್ರಾಂಚಿನ ಕಂಪ್ಯೂಟರಿನ ಸ್ಕ್ರೀನ್ ಸುಟ್ಟುಹೋಗಿ ತಿಂಗಳಾಯ್ತು, ಹೊಸತು ಬೇಕು ಅಂತ ಬೆಳಿಗ್ಗೆಯಿಂದ ನನ್ನ ತಲೆ ತಿಂತಿದ್ರಲ್ಲ? ಇವರಿಗೆ ಇದು ಬೇಡವೇ ಬೇಡ. ಚೆನ್ನಪ್ಪಾ, ಇದನ್ನು ಬಿಚ್ಚಿ ಕಾರಿನಲ್ಲಿಡು."

ಲಿಗೋರಿ ಬಾಯಿ ತೆರೆದ. ಅಷ್ಟರಲ್ಲಿ ಚೆನ್ನಪ್ಪ ವೈರು ಕಿತ್ತಾಗಿತ್ತು. ಐದೇ ನಿಮಿಷದಲ್ಲಿ ಪರದೆ ಚೆನ್ನಪ್ಪನ ಹೆಗಲೇರಿ ಹೊರಟಿತು. ಕಾರು ಕಾರ್ಕಳದ ದಾರಿ ಹಿಡಿಯಿತು. ಮೇಜಿನ ಮೇಲೆ ಕೀಲಿಮಣೆ, ಮೆಷಿನ್, ಅವುಗಳ ಆಚೆಗೆ ಬರೀ ಗೋಡೆ.

ಲಿಗೋರಿ ಮೂಲೆಯ ಮೇಜಿಗೆ ಹೋಗಿ ಕೈ ಜೋಡಿಸಿದ. "ಪಂಕಜಕ್ಕ, ನಾಳೆಯಿಂದ ನೀವೇ ಟೈಪ್ ಮಾಡಿ. ನಿಮ್ಮ ದಮ್ಮಯ್ಯ."

"ನಾನೆಂತ ಮಾಡ್ಲಿಕ್ಕೆ?" ಎಂದರು ಪಂಕಜಕ್ಕ, ಚೀಟಿಗೆ ನೀರು ಹಚ್ಚುತ್ತಾ. "ಕಲಿಸಿದವರು ನೀವಲ್ವಾ?" ಎರಡು ಲಕೋಟೆ ಮುಗಿಸಿ ಮತ್ತೆ ಹೇಳಿದರು: "ಕಂಟ್ರೋಲ್ ಹಿಡಿದುಕೊಂಡು ಎಫ್ ಒಂಬತ್ತು ಒತ್ತಿದರೆ ಹಳೆಯ ಬಣ್ಣ ವಾಪಸ್ ಬರ್ತದೆ. ಆ ಪುಸ್ತಕದ ಕೊನೆಯ ಪುಟದಲ್ಲಿ ಉಂಟು. ಊಟದ ಹೊತ್ತಿನಲ್ಲಿ ಓದ್ಲಿಕ್ಕೆ ನನಗೆ ಬೇರೆ ಎಂತ ಇತ್ತು?"

"ಬೆಳಿಗ್ಗೆಯೇ ಹೇಳಬಾರದಿತ್ತಾ ಅಕ್ಕ!"

"ನೀವು ಕೇಳಲಿಲ್ಲ."

ಲಿಗೋರಿ ಓಡಿಬಂದು, ಕಂಟ್ರೋಲ್ ಹಿಡಿದು ಎಫ್ ಒಂಬತ್ತನ್ನು ಜೋರಾಗಿ ಒತ್ತಿದ. ಮೆಷಿನ್ ಪೀಂಕ್ ಎಂದಿತು.

ಕಾರಿನವರೆಗೆ ಹೋಗಿದ್ದ ಚೆನ್ನಪ್ಪ ಬಾಗಿಲಲ್ಲಿ ನಿಂತು ಆಸೆಯಿಂದ ಕೇಳಿದ:

"ಬಣ್ಣ ಬಂತಾ ಪೊರ್ಬುಲೇ?"

ಲಿಗೋರಿ ಗೋಡೆಯನ್ನೇ ನೋಡುತ್ತಾ ಕೂತ.