ಬೀಳುವವನ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಘನತೆ ಬೇಕು. ಪಕ್ಕದ ಮನೆಯವರ ಕಾರು, ಷಡ್ಡಕನ ಸಂಬಳ, ಸಾಹೇಬರ ಕುರ್ಚಿ, ಇವೆಲ್ಲ ಮರ್ಯಾದಸ್ಥರ ಹೊಟ್ಟೆಕಿಚ್ಚುಗಳು. ನನ್ನದು ಹಾಗಲ್ಲ. ಒಬ್ಬ ಮನುಷ್ಯ ನನಗಿಂತ ಚೆನ್ನಾಗಿ ನೆಲಕ್ಕೆ ಬೀಳುತ್ತಾನಲ್ಲ ಎಂದು ನಾನು ಹೊಟ್ಟೆ ಉರಿದುಕೊಂಡವನು.

ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಬೇಳೆ ಚೀಲಗಳನ್ನು ಇಡುವ ಒಂದು ಗೋದಾಮಿನಲ್ಲಿ ನಾನು ಸ್ಟೋರ್ ಕೀಪರ್. ದಿನಾ ಭಾಲ್ಕಿಯಿಂದ ಬಂದುಹೋಗುತ್ತೇನೆ. ಹೊಸಬರು ಕೆಲಸಕ್ಕೆ ಸೇರಿದಾಗಲೆಲ್ಲ ನಮ್ಮ ಸೇಫ್ಟಿ ಆಫೀಸರ್ ಫಾರೂಕ್ ಸಾಹೇಬರು ಅವರನ್ನು ಕೂಡಿಸಿಕೊಂಡು ಹೆಲ್ಮೆಟ್ ಯಾಕೆ ಬೇಕು, ಬೆಂಕಿ ಹತ್ತಿದರೆ ಯಾವ ಬಾಗಿಲಿಗೆ ಓಡಬೇಕು ಎಂದೆಲ್ಲ ಪಾಠ ಹೇಳುತ್ತಾರೆ. ಬಾಗಿಲಿನ ವಿಷಯ ಬರುವಷ್ಟರಲ್ಲಿ ಹೊಸಬರು ತೂಕಡಿಸುತ್ತಿರುತ್ತಾರೆ. ಆಗ ಸಾಹೇಬರು, "ಈಗ ಒಬ್ಬಾಂವ ಏಣಿ ಮ್ಯಾಲಿಂದ ಬಿದ್ದಾನ ಅಂತ ತಿಳೀರಿ" ಎನ್ನುತ್ತಾರೆ. ಆ ಒಬ್ಬಾಂವ ನಾನು.

ವರ್ಷಗಳಿಂದ ಆ ಪಾತ್ರ ನನ್ನದೇ ಆಗಿತ್ತು. ಏಣಿಯ ಬುಡದಲ್ಲಿ ದೊಪ್ಪೆಂದು ಬಿದ್ದು "ಯವ್ವಾ ಸತ್ತೆನೋ" ಎಂದು ನಾನು ಒದರಿದರೆ, ಹೊರಗೆ ನಿಂತ ಲಾರಿಯ ಡ್ರೈವರು ಬೀಡಿ ಬಿಸಾಕಿ ಓಡಿಬರುತ್ತಿದ್ದ. ಸಾಹೇಬರು ನನಗೆ ಪಟ್ಟಿ ಕಟ್ಟಿ ಪ್ರಥಮ ಚಿಕಿತ್ಸೆ ಕಲಿಸುತ್ತಿದ್ದರು. ಕೊನೆಗೆ ನಾನು ಎದ್ದು ಕೈಮುಗಿದರೆ ಚಪ್ಪಾಳೆ! ಮನೆಯಲ್ಲಿ ಒಂದು "ಹೂಂ" ಕೂಡ ಸುಲಭಕ್ಕೆ ಸಿಗದ ನನಗೆ ಆ ಚಪ್ಪಾಳೆಯ ರುಚಿ ಹತ್ತಿಬಿಟ್ಟಿತ್ತು.

ಹೀಗಿರುವಾಗ ಔರಾದ್ ಕಡೆಯ ಎಕಂಬಾದಿಂದ ಮಾಳಪ್ಪ ಬಂದ. ಕುರಿ ಕಾಯ್ದುಕೊಂಡಿದ್ದ ಎತ್ತರದ ಆಳು. ಹಮಾಲಿ ಕೆಲಸಕ್ಕೆ ಸೇರಿದ. ಅವನ ತಂಡಕ್ಕೆ ಪಾಠವಿದ್ದ ದಿನವೇ ನನ್ನ ಗಂಟಲು ಕಟ್ಟಬೇಕೇ? ಸಾಹೇಬರು, "ನೀ ಬಾರಪಾ" ಎಂದು ಅವನನ್ನು ಕರೆದರು. ಅವನು ಬಿದ್ದ. ಗೋಣು ಒಂದು ಕಡೆ, ಕಾಲು ಒಂದು ಕಡೆ, ಎದೆಯಾಳದಿಂದ ನರಳಾಟ. ಹೊಸದಾಗಿ ಸೇರಿದ ಹೆಣ್ಣುಮಗಳೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗಾಗಿ ಯಾರೂ ಯಾವತ್ತೂ ಅತ್ತಿರಲಿಲ್ಲ.

"ಎಲ್ಲಿ ಕಲ್ತೀಯೋ?" ಎಂದೆ, ನಗುವಂತೆ ನಟಿಸುತ್ತ.

"ಕಲಿಯಾದೇನದರಿ ಅಣ್ಣಾ? ನಮ್ಮ ಟಗರು ಗುದ್ದಿದಾಗ ಹಿಂಗೇ ಬಿದ್ದಿದ್ದೆ."

ಸಾಹೇಬರು ಅಲ್ಲೇ ತೀರ್ಪು ಕೊಟ್ಟರು. "ಇನ್ ಮ್ಯಾಲ ಮಾಳಪ್ಪನೇ ಬೀಳ್ಲಿ. ಬಾಬುರಾವ್, ನೀವು ಆರಾಮ ಕೂಡ್ರಿ."

ಆರಾಮ ಎಲ್ಲಿಂದ ಬರಬೇಕು? ಮನೆಯಲ್ಲಿ ಹೆಂಡತಿ ಜಗದೇವಿ ರೊಟ್ಟಿ ಬಡಿಯುತ್ತಿದ್ದಾಗ ಅಡುಗೆಮನೆಯ ಬಾಗಿಲಲ್ಲಿ ಬಿದ್ದು ತಾಲೀಮು ಮಾಡಿದೆ. ಅವಳು ತಿರುಗಿಯೂ ನೋಡಲಿಲ್ಲ. "ಹ್ಯಾಂಗೂ ಬಿದ್ದೀರಿ, ಅಲ್ಲೇ ಕೈಗಿ ಸಿಗ್ತದ, ಹಿಟ್ಟಿನ ಡಬ್ಬಿ ಈ ಕಡಿ ಸರಸ್ರಿ" ಎಂದಳು.

ಮುಂದಿನ ತಂಡ ಬಂದಾಗ ಮಾಳಪ್ಪ ಏಳುವ ಮೊದಲೇ ನಾನು ಏಣಿ ಏರಿಬಿಟ್ಟೆ. ಬುಡದಲ್ಲಿ ಬಿದ್ದರೆ ತಾನೇ ಅವನ ಮುಂದೆ ಸಪ್ಪೆಯಾಗುವುದು? ಹೇಗೆ ಬೀಳಲಿ ಎಂದು ಯೋಚಿಸುತ್ತಿರುವಾಗಲೇ ಕಾಲು ಜಾರಿತು. ನೆಲಕ್ಕೆ ಬಿದ್ದಾಗ ಪಾದ ಮಡಚಿಕೊಂಡಿತು. ಒದರೋಣವೆಂದರೆ ದನಿಯೇ ಏಳಲಿಲ್ಲ. ತುಟಿ ಕಚ್ಚಿ ಬಿದ್ದುಕೊಂಡೆ.

"ಇವರಿಗಿ ಆ್ಯಕ್ಟಿಂಗ್ ಬರಂಗಿಲ್ರಿ" ಎಂದ ಹಿಂದಿನಿಂದ ಒಬ್ಬ.

ನೋವನ್ನು ಗುರುತಿಸಿದವನು ಮಾಳಪ್ಪ ಒಬ್ಬನೇ. "ಖರೇ ಬಿದ್ದಾರ್ರಿ!" ಎಂದು ಕೂಗಿ ನನ್ನನ್ನು ಎತ್ತಿಕೊಂಡ. ಆಟೋದಲ್ಲಿ ದವಾಖಾನೆಗೆ ಹೋಗುವಾಗ ನನ್ನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದ. ಎಂಥ ಒಳ್ಳೆಯವನ ಮೇಲೆ ಹೊಟ್ಟೆಕಿಚ್ಚು ಪಟ್ಟೆನಲ್ಲ ಎಂದು ನನಗೆ ನಾಚಿಕೆಯಾಗತೊಡಗಿತ್ತು. ಅಷ್ಟರಲ್ಲಿ ಅವನು ಬಾಯಿಬಿಟ್ಟ.

"ಅಣ್ಣಾ, ಖರೇ ನೋವಾದ್ರ ಮನಷ್ಯಾ ಒದರಂಗಿಲ್ಲ ನೋಡ್ರಿ. ತುಟಿ ಕಚ್ಚಿ ಸುಮ್ನ ಆಗ್ತಾನ. ನಾ ಸುಳ್ಳೇ ನರಳ್ತಿದ್ದೆ."

ಕಾಲಿಗೆ ಪಟ್ಟಿ ಸುತ್ತಿಕೊಂಡು ಕೆಲಸಕ್ಕೆ ಮರಳಿದ ಮೇಲೆ ಇನ್ನೊಂದು ತಂಡ ಬಂತು. ನಾನೂ ಹೋಗಿ ಮೂಲೆಯಲ್ಲಿ ಕುಳಿತೆ. ಮಾಳಪ್ಪ ಬಿದ್ದ. ನರಳಲಿಲ್ಲ, ಒದರಲಿಲ್ಲ. ತುಟಿ ಕಚ್ಚಿದ, ಅಷ್ಟೇ. ಎಲ್ಲರೂ ಉಸಿರು ಬಿಗಿಹಿಡಿದರು; ಸಾಹೇಬರೇ ಗಾಬರಿಯಾಗಿ ಮುಂದೆ ಬಂದರು. ನನಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಹೊಸ ಹುಡುಗನ ಕಿವಿಯಲ್ಲಿ, "ಅದು ನಂದಪಾ, ಆ ನೋವು ನಂದು" ಎಂದೆ.

ಅವನು ನನ್ನ ಪಟ್ಟಿ ಸುತ್ತಿದ ಕಾಲು ನೋಡಿದ, ಮುಖ ನೋಡಿದ.

"ಹೌದೇನ್ರಿ?" ಎಂದ ಭಕ್ತಿಯಿಂದ. "ನೀವೂ ಇವರ ಕಡೀನೇ ಬೀಳೂದು ಕಲೀಲಿಕತ್ತೀರೇನ್ರಿ?"