ಪಟ್ಟಿಯಲ್ಲಿ ನಾಲ್ಕೇ ನಾಲ್ಕು

ಅಂದಿನ ಅವಾಂತರಕ್ಕೆಲ್ಲ ಮೂಲ ಒಂದೂವರೆ ಗಜದ ಒಂದು ಕೆಂಪು ಮಫ್ಲರ್.

ಬೆಳಿಗ್ಗೆ ಬಾಗಿಲಲ್ಲಿ ನಿಂತು ಹೆಂಡತಿ ಅದನ್ನು ಗುಮಾಸ್ತರ ಕೊರಳಿಗೆ ಎರಡು ಸುತ್ತು ಸುತ್ತಿದಳು. ಸುತ್ತಿದ ರಭಸಕ್ಕೆ ಗುಮಾಸ್ತರ ಕಣ್ಣಾಲಿಗಳು ಮೇಲಕ್ಕೆ ಸಿಕ್ಕಿಕೊಂಡವು.

"ನೋಡಿ, ಇದು ಅಮ್ಮ ಮೂರು ತಿಂಗಳು ಕೂತು ಹೆಣೆದಿದ್ದು. ನೀವು ಕೊಡೆ ಕಳೆದ್ರಿ, ಟಿಫನ್ ಡಬ್ಬಿ ಕಳೆದ್ರಿ, ಹೋದ ವಾರ ಒಂದು ಕಾಲಿನ ಚಪ್ಪಲಿ ಮಾತ್ರ ಕಳಕೊಂಡು ಬಂದ್ರಿ. ಅದು ಹೇಗಾಯ್ತು ಅಂತ ನಂಗಿನ್ನೂ ತಲೆಗೆ ಹೋಗಿಲ್ಲ. ಇದನ್ನೂ ಕಳೆದ್ರೆ ಮನೆಗೆ ಬರಬೇಡಿ, ಅಷ್ಟೇ."

"ಅಳಿಯಂದ್ರು ಹಾಗೆಲ್ಲ ಮಾಡಲ್ಲ ಬಿಡೇ," ಎಂದರು ಅತ್ತೆ, ಆಗಲೇ ಚೀಲ ಹಿಡಿದು ಮೆಟ್ಟಿಲಿಳಿಯುತ್ತ. ಅವರ ದನಿಯಲ್ಲಿ ನಂಬಿಕೆ ಅಷ್ಟಕ್ಕಷ್ಟೇ ಇತ್ತು. ಸಮುದ್ರವನ್ನು ಹತ್ತಿರದಿಂದ ನೋಡಬೇಕೆಂಬುದು ಅವರ ಬಹಳ ದಿನಗಳ ಆಸೆ. ಮಗಳಿಗೆ ಶಾಲೆಯಲ್ಲಿ ಪರೀಕ್ಷೆಯ ಕೆಲಸ. ಹಾಗಾಗಿ ರಜೆ ಹಾಕಿ ಕರೆದೊಯ್ಯುವ ಭಾರ ಅಳಿಯನ ಹೆಗಲಿಗೆ ಬಿದ್ದಿತ್ತು.

ಗುಮಾಸ್ತರೂ ಈ ಸಲ ಹುಷಾರಾಗಿದ್ದರು. ಹಿಂದಿನ ದಿನವೇ ಕೂತು ದುಂಡಗಿನ ಅಕ್ಷರದಲ್ಲಿ ಒಂದು ಪಟ್ಟಿ ಬರೆದು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡಿದ್ದರು. ೧. ಕೊಡೆ. ೨. ನೀರಿನ ಬಾಟಲಿ. ೩. ಕನ್ನಡಕದ ಡಬ್ಬಿ. ೪. ಮಫ್ಲರ್. ಇಪ್ಪತ್ತೆರಡು ವರ್ಷ ರೆಕಾರ್ಡ್ ರೂಮಿನಲ್ಲಿ ಧೂಳು ಕುಡಿದ ಮನುಷ್ಯ. ಪಟ್ಟಿಯಲ್ಲಿ ಇದ್ದದ್ದು ಇದೆ, ಇಲ್ಲದ್ದು ಇಲ್ಲ ಎನ್ನುವುದು ಅವರ ಬದುಕಿನ ಸಿದ್ಧಾಂತ. ರಿಜಿಸ್ಟರಿನಲ್ಲಿ ನಮೂದಾಗದ ಒಂದು ಕಬ್ಬಿಣದ ಬೀರು ಎರಡು ವರ್ಷ ಅವರ ಮೇಜಿನೆದುರೇ ನಿಂತಿದ್ದಾಗಲೂ, ಅಂಥ ಬೀರು ನಮ್ಮಲ್ಲಿಲ್ಲ ಎಂದು ಮೂರು ಸಲ ಸಹಿ ಮಾಡಿ ಕೊಟ್ಟಿದ್ದರು.

ಎರಡು ತಾಸು ಕುಲುಕಾಡಿದ ಮೇಲೆ ಬಸ್ಸು ರಸ್ತೆ ಮುಗಿದಲ್ಲಿ ನಿಂತಿತು. ಒಂದು ಕಡೆ ಆಕಾಶಕ್ಕೆ ತಾಗುವಂಥ ಕಡಿದಾದ ಬಂಡೆ, ಅದರ ಬುಡದಲ್ಲಿ ನಲವತ್ತು ಮನೆಗಳ ಮೀನುಗಾರರ ಹಳ್ಳಿ, ಮುಂದೆ ಸಮುದ್ರ. ದಡದಲ್ಲಿ ಹನ್ನೊಂದು ದೋಣಿಗಳು ಮಗುಚಿ ಮಲಗಿದ್ದವು. ಅತ್ತೆ ಸಮುದ್ರವನ್ನು ಒಂದು ನಿಮಿಷ ನೋಡಿ, "ತುಂಬಾ ನೀರಿದೆ" ಎಂದು ತೀರ್ಪು ಕೊಟ್ಟು, ಬಲೆ ರಿಪೇರಿ ಮಾಡುವ ಶೆಡ್ಡಿನ ಮುಂದೆ ನಿಂತುಬಿಟ್ಟರು. ಒಳಗೆ ಏಳೆಂಟು ಹೆಂಗಸರು ಹರಿದ ಬಲೆಗೆ ಗಂಟು ಹಾಕುತ್ತಿದ್ದರು. ಜೀವಮಾನವಿಡೀ ಹೆಣಿಗೆ ಮಾಡಿದ ಕೈ ಸುಮ್ಮನಿದ್ದೀತೇ?

"ಈ ಗಂಟು ನಿಲ್ಲಲ್ಲಮ್ಮಾ. ಇತ್ಲಾಗೆ ಕೊಡು," ಎಂದು ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟರು. "ಅಳಿಯಂದ್ರೇ, ಗುಡ್ಡಗಿಡ್ಡ ಹತ್ತೋಕೆ ನನ್ನ ಮಂಡಿ ಕೇಳಲ್ಲ. ನೀವು ನೋಡ್ಕೊಂಡು ಬನ್ನಿ."

"ನಾಲ್ಕು ಗಂಟೆಗೆ ಬಸ್ಸು, ಅತ್ತೆ. ವಾಪಸ್ ಹೋಗೋಕೆ ಅದೊಂದೇ."

"ಹೊರಡುವಾಗ ಕರೀರಿ, ಸಾಕು."

ಗುಮಾಸ್ತರು ಏದುಸಿರು ಬಿಡುತ್ತ ಬಂಡೆ ಹತ್ತಿದರು. ಮೇಲೆ ಗಾಳಿಯೋ ಗಾಳಿ. ಬಿಚ್ಚಿದ ಕೊಡೆ ತಿರುವುಮುರುವಾಯಿತು. ಮಫ್ಲರ್ ಎರಡು ಸಲ ಕೊರಳಿನಿಂದ ಜಾರಿ ಹಾರಲು ನೋಡಿತು. ಎರಡನೆಯ ಸಲ ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಾಗ ಹೆಂಡತಿಯ ಮುಖ ಕಣ್ಣೆದುರು ಬಂತು. ತುದಿಗೆ ಹೋಗಿ ಕೆಳಗೆ ಇಣುಕುವ ಆಸೆ ಬೇರೆ. ಸುತ್ತ ನೋಡಿದರು. ಒಂದು ಕಲ್ಲುಬೆಂಚು, ಅದರ ಮೇಲೊಂದು ಖಾಲಿ ಲೋಟ, ಪಕ್ಕದಲ್ಲಿ ನೆಲಕ್ಕೆ ಭದ್ರವಾಗಿ ನೆಟ್ಟ ಎತ್ತರದ ಕಂಬ. ಇದಕ್ಕಿಂತ ಸುರಕ್ಷಿತ ಜಾಗ ಇನ್ನೆಲ್ಲಿ? ಬೆಂಚಿನ ಮೇಲೆ ಹತ್ತಿ, ಕೈಗೆಟುಕಿದಷ್ಟು ಎತ್ತರದಲ್ಲಿ ಮಫ್ಲರನ್ನು ಕಂಬಕ್ಕೆ ಸುತ್ತಿ, ಕಡತ ಕಟ್ಟುವ ಮೂರು ಗಂಟು ಬಿಗಿದರು. ಅದು ಪಟಪಟನೆ ಹಾರಾಡಿತು, ಆದರೆ ಗಂಟು ಸಡಿಲಲಿಲ್ಲ.

ಗುಮಾಸ್ತರು ನೆಮ್ಮದಿಯಿಂದ ತುದಿಗೆ ತೆವಳಿ ಕೆಳಗೆ ನೋಡಿದರೆ, ಹಳ್ಳಿಗೆ ಹಳ್ಳಿಯೇ ಓಡುತ್ತಿತ್ತು. ಊಟಕ್ಕೆ ಕೂತವರು ಕೈ ತೊಳೆಯದೆ ಎದ್ದಿದ್ದರು. ಅರ್ಧ ಗಡ್ಡ ಹೆರೆಸಿಕೊಂಡವನೊಬ್ಬ ಸೋಪಿನ ಸಮೇತ ಓಡುತ್ತಿದ್ದ. ನೋಡನೋಡುತ್ತಿದ್ದಂತೆ ಹನ್ನೊಂದು ದೋಣಿಗಳೂ ನೀರಿಗಿಳಿದವು.

"ಓಹೋ, ಏನೋ ದೋಣಿ ಪಂದ್ಯ ಇರಬೇಕು!" ಗುಮಾಸ್ತರಿಗೆ ಖುಷಿಯೋ ಖುಷಿ. ಟಿಕೆಟ್ ಇಲ್ಲದ ಮನರಂಜನೆ. ಎದ್ದು ನಿಂತರು.

ಅಷ್ಟರಲ್ಲಿ ಎಲ್ಲಿತ್ತೋ ಒಂದು ಕಣಜ, ಗುಂಯ್ ಎಂದು ಬಲಗಿವಿಗೆ ಬಂತು. ಬಲಗೈ ಬೀಸಿದರು. ಕೆಳಗೆ ದೋಣಿಗಳು ಬಲಕ್ಕೆ ತಿರುಗಿದವು. ಕಣಜ ಎಡಗಿವಿಗೆ ಬಂತು, ಎಡಗೈ ಬೀಸಿದರು. ದೋಣಿಗಳು ಎಡಕ್ಕೆ ತಿರುಗಿದವು. ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ. ಕೊನೆಗೆ ಅದು ನೆತ್ತಿಯ ಮೇಲೆ ಕೂತಾಗ ಎರಡೂ ಕೈ ಎತ್ತಿ ರಪ್ಪನೆ ಹೊಡೆದುಕೊಂಡರು. ಕೆಳಗೆ ಹನ್ನೊಂದು ದೋಣಿಗಳೂ ಗಕ್ಕನೆ ನಿಂತು ಬಲೆ ಬಿಟ್ಟವು.

"ಯಾರ್ರೀ ಅದು? ಯಾರ್ರೀ ನನ್ನ ಕಂಬ ಮುಟ್ಟಿದ್ದು?"

ಟೀ ತುಂಬಿದ ಕೂಜಾ ಹಿಡಿದ ಮುದುಕನೊಬ್ಬ ಕೆಳಗಿನ ಅಂಗಡಿಯಿಂದ ಎದ್ದೂ ಬಿದ್ದೂ ಹತ್ತಿ ಬರುತ್ತಿದ್ದ. ಅವನು ಬಂಡೆಯ ಮೇಲಿನ ಕಾವಲಿನಜ್ಜ.

"ಮಫ್ಲರ್ ಹಾರಿಹೋಗ್ತಿತ್ತು ಅಜ್ಜಾ, ಅದಕ್ಕೇ ಸ್ವಲ್ಪ ಕಟ್ಟಿದೆ," ಎಂದರು ಗುಮಾಸ್ತರು.

"ಸ್ವಲ್ಪ ಕಟ್ಟಿದ್ರಾ! ಈ ಕಂಬದ ಮೇಲೆ ಕೆಂಪು ಬಟ್ಟೆ ಕಂಡ್ರೆ ಕೊಲ್ಲಿಗೆ ಮೀನಿನ ಹಿಂಡು ಬಂದಿದೆ ಅಂತ ಅರ್ಥ. ಕೆಳಗಿದ್ದೋರಿಗೆ ಹಿಂಡು ಕಾಣಲ್ಲ, ಮೇಲಿಂದ ನಾನೇ ಕೈ ಬೀಸಿ ದಾರಿ ತೋರಿಸ್ಬೇಕು. ಬಲಗೈ ಅಂದ್ರೆ ಬಲಕ್ಕೆ, ಎಡಗೈ ಅಂದ್ರೆ ಎಡಕ್ಕೆ."

"ಎರಡೂ ಕೈ ಎತ್ತಿದ್ರೆ?" ಗುಮಾಸ್ತರು ನೆತ್ತಿ ಸವರಿಕೊಂಡರು.

"ಅಲ್ಲೇ ನಿಲ್ಲಿ ಅಂತ. ಹಳ್ಳಿಯ ಹಾಲುಗಲ್ಲದ ಮಕ್ಕಳಿಗೂ ಗೊತ್ತಿರೋ ಸನ್ನೆ."

"ಹಾಗಾದ್ರೆ ಈಗಲೇ ಬಿಚ್ಚಿಕೊಂಡು ಹೋಗ್ತೀನಿ."

"ಕೈ ಹಚ್ಚಿ ನೋಡಿ! ಕೊನೇ ದೋಣಿ ದಡ ಮುಟ್ಟೋವರೆಗೂ ಇಳಿಸೋ ಹಾಗಿಲ್ಲ. ದೋಣಿ ಖಾಲಿ ಬಂದ್ರೆ ಸುಳ್ಳು ಹೇಳಿದ ಬಟ್ಟೆ ಅಂತ ಅದಕ್ಕೆ ಕಲ್ಲು ಕಟ್ಟಿ ಸಮುದ್ರಕ್ಕೆ ಹಾಕ್ತಾರೆ."

"ಅಯ್ಯೋ! ಮೀನು ಬಂದ್ರೆ?"

"ಒಳ್ಳೇ ಬಟ್ಟೆ ಅಂತ ಎಲ್ಲಕ್ಕಿಂತ ಮುಂದೆ ಹೋಗೋ ದೋಣಿಗೆ ಕಟ್ಕೋತಾರೆ."

ಎರಡೂ ದಾರಿ ಮುಚ್ಚಿದ್ದವು. ಗುಮಾಸ್ತರು ಕಲ್ಲುಬೆಂಚಿನ ಮೇಲೆ ಕುಸಿದರು. ಅಜ್ಜ ಕನಿಕರಪಟ್ಟು ಅರ್ಧ ಲೋಟ ಟೀ ಕೊಟ್ಟ.

ಮೂರು ಗಂಟೆಗೆ ಅಜ್ಜ ಅವರನ್ನು ದಡಕ್ಕೆ ಕರೆತಂದಾಗ ಮೀನು ಹರಾಜು ಕೂಗುವ ಹೆಂಗಸು ಸೊಂಟಕ್ಕೆ ಕೈ ಇಟ್ಟು ನಿಂತಿದ್ದಳು. ಅವಳ ದನಿಗೆ ಧ್ವನಿವರ್ಧಕವೇ ನಾಚಬೇಕು.

"ಇವರೇನಾ? ನೋಡೋಕೆ ಓದಿದೋರ ಥರ ಇದ್ದಾರೆ! ರೀ, ಮನೇಲಿ ಬಟ್ಟೆ ಒಣಹಾಕೋಕೆ ಜಾಗ ಇಲ್ವಾ? ಗಂಡಸರು ಬರಿಗೈಲಿ ಬರಲಿ, ಆಮೇಲಿದೆ ನಿಮಗೆ."

ಗುಮಾಸ್ತರು ಕೊಡೆ ಅವುಚಿಕೊಂಡು ಕೂತರು. ಗಡಿಯಾರದ ಮುಳ್ಳು ಮೂರೂವರೆ ದಾಟಿತು. ಆಗ ಮೊದಲ ದೋಣಿ ಕಂಡಿತು. ಅದು ನೀರಿಗೆ ಅಂಚು ತಾಗುವಷ್ಟು ತಗ್ಗಿ, ಗರ್ಭಿಣಿಯಂತೆ ಮೆಲ್ಲಗೆ ಬರುತ್ತಿತ್ತು. ಅದರ ಹಿಂದೆ ಎರಡನೆಯದು, ಮೂರನೆಯದು. ಹನ್ನೊಂದರಲ್ಲೂ ಮೀನು ತುಂಬಿ ತುಳುಕುತ್ತಿತ್ತು!

ಎಲ್ಲಕ್ಕಿಂತ ಮುಂದಿದ್ದ ದೋಣಿಯ ಯಜಮಾನ ನೀರಿಗೆ ಧುಮುಕಿ ಬಂದು ಗುಮಾಸ್ತರನ್ನು ಬಾಚಿ ತಬ್ಬಿಕೊಂಡ. "ಹತ್ತು ವರ್ಷದಲ್ಲಿ ಇಷ್ಟು ಮೀನು ಕಂಡಿಲ್ಲ ಸಾರ್! ಎಡಕ್ಕೆ ಬಲಕ್ಕೆ ಆಡಿಸಿ ಆಡಿಸಿ, ಸರಿಯಾಗಿ ಹಿಂಡಿನ ನಡುಮಧ್ಯಕ್ಕೆ ನಿಲ್ಲಿಸಿಬಿಟ್ರಲ್ಲ! ಅಜ್ಜಾ, ಕಲಿತ್ಕೋ!"

ಅಜ್ಜ ಮುಖ ಗಂಟಿಕ್ಕಿಕೊಂಡು, ಬಂಡೆಯಿಂದ ಇಳಿಸಿ ತಂದ ಮಫ್ಲರನ್ನು ಯಜಮಾನನಿಗೆ ಕೊಟ್ಟ. ಅವನು ಅದನ್ನು ಕಣ್ಣಿಗೊತ್ತಿಕೊಂಡು ದೋಣಿಯತ್ತ ನಡೆದ. ಗುಮಾಸ್ತರು ಅವನ ಹಿಂದೆ ಓಡಿದರು. ಜೀವಮಾನದಲ್ಲಿ ಹಿಂದೆಂದೂ ಕೆಲಸ ಮಾಡದ ಅವರ ಬುದ್ಧಿ ಆಗ ಕೆಲಸ ಮಾಡಿತು.

"ತಡೀರಿ ಯಜಮಾನ್ರೇ! ಮಫ್ಲರ್ ಕಂಬದ ಮೇಲೆ ಸುಮ್ನೆ ಇತ್ತು. ದಾರಿ ತೋರಿಸಿದ್ದು ಯಾವುದು? ನನ್ನ ಕೈ. ಕೈ ಮೇಲೆ ಇದ್ದಿದ್ದು ಯಾವುದು? ಅಂಗಿ ತೋಳು! ನಿಮ್ಮ ಅದೃಷ್ಟದ ಬಟ್ಟೆ ಅಂಗಿ ಕಣ್ರೀ!"

ಗುಂಪಿನಲ್ಲಿ ಗುಜುಗುಜು ಆಯಿತು. ಹರಾಜಿನ ಹೆಂಗಸು, "ಮಾತು ಸರಿ ಇದೆ" ಎಂದಳು. ಅವಳು ಕೂಗಿದ ಮೇಲೆ ಮುಗಿಯಿತು. ಗುಮಾಸ್ತರು ಅಂಗಿ ಬಿಚ್ಚಿ ಕೊಟ್ಟು, ಮಫ್ಲರ್ ಕಿತ್ತುಕೊಂಡು, ಬನಿಯನ್ನಿನ ಮೇಲೆ ಮೂರು ಸುತ್ತು ಸುತ್ತಿಕೊಂಡರು. ಅಂಗಿ ಹೋದರೆ ಹೋಗಲಿ. ಅದೇನು ಪಟ್ಟಿಯಲ್ಲಿತ್ತೇ?

"ಅಯ್ಯೋ, ನಾಲ್ಕಾಯ್ತು! ಬಸ್ಸು!"

"ಬಸ್ಸಿಗೇನು, ನಿಲ್ಲಿಸೋಣ!" ನಾಲ್ಕು ಜನ ಅವರನ್ನು ಹೆಗಲ ಮೇಲೆ ಎತ್ತಿಕೊಂಡರು. ಒಬ್ಬ ಮಡಿಲಿಗೆ ಮೀನಿನ ಬುಟ್ಟಿ ಇಟ್ಟ. ಮೆರವಣಿಗೆ ಬಲೆಯ ಶೆಡ್ಡಿನ ಮುಂದೆ ಹಾದುಹೋಗುವಾಗ ಹೆಂಗಸರೆಲ್ಲ ಕೇಕೆ ಹಾಕಿ ಕೈ ಬೀಸಿದರು. ಅವರಲ್ಲೊಬ್ಬರಂತೂ ಎರಡೂ ಕೈ ಮೇಲಕ್ಕೆತ್ತಿ ಕುಣಿದಂತೆ ಮಾಡುತ್ತಿದ್ದರು. ಹೆಗಲೇರುವಾಗ ಕನ್ನಡಕವನ್ನು ಜೋಪಾನವಾಗಿ ಡಬ್ಬಿಗೆ ಹಾಕಿದ್ದರಿಂದ ಮುಖ ಸರಿಯಾಗಿ ಕಾಣಲಿಲ್ಲ. ಗುಮಾಸ್ತರು ದೊಡ್ಡ ಮನಸ್ಸಿನಿಂದ ಅವರಿಗೂ ಕೈ ಬೀಸಿದರು.

ಬಸ್ಸು ಹೊರಟಿತು. ಗುಮಾಸ್ತರು ಪಟ್ಟಿ ತೆಗೆದು ಗುರುತು ಹಾಕಿದರು. ಕೊಡೆ, ಇದೆ. ಬಾಟಲಿ, ಇದೆ. ಡಬ್ಬಿ, ಇದೆ. ಮಫ್ಲರ್, ಇದೆ! ಬೆಳಿಗ್ಗೆಗಿಂತ ಸೀಟು ವಿಶಾಲವಾಗಿದೆ ಅನಿಸಿತು. ಮೀನಿನ ಬುಟ್ಟಿಯನ್ನು ಪಕ್ಕಕ್ಕಿಟ್ಟು, ಕಾಲು ಚಾಚಿ, ಮದುವೆಯಾದ ಮೇಲೆ ಮೊದಲ ಸಲ ಗೆದ್ದ ಗಂಡಸಿನಂತೆ ನಿದ್ದೆಹೋದರು.

ಆರೂವರೆಗೆ ಹೆಂಡತಿ ಬಾಗಿಲು ತೆರೆದಳು. "ಇದೇನ್ರೀ ಅವತಾರ! ಅಂಗಿ ಎಲ್ಲಿ?"

"ಅಂಗಿ ಪಟ್ಟಿಯಲ್ಲಿರ್ಲಿಲ್ಲ. ಇದ್ದಿದ್ದು ನಾಲ್ಕು, ನಾಲ್ಕನ್ನೂ ತಂದಿದ್ದೀನಿ. ನೋಡ್ಕೋ!" ಗುಮಾಸ್ತರು ಕೈಯಲ್ಲಿ ಪಟ್ಟಿ ಹಿಡಿದು ಕೊರಳು ಮುಂದೆ ಚಾಚಿದರು.

ಹೆಂಡತಿ ಮಫ್ಲರ್ ಮುಟ್ಟಿ ನೋಡಿದಳು. ಒಂದು ಎಳೆಯೂ ಬಿಚ್ಚಿರಲಿಲ್ಲ. ಅವಳ ಮುಖ ಅರಳಿತು. "ಪರವಾಗಿಲ್ವೇ, ಸುಧಾರಿಸಿದ್ದೀರಿ! ಬನ್ನಿ, ಕಾಫಿ ಮಾಡ್ತೀನಿ," ಎಂದವಳು ಅವರ ಹೆಗಲ ಮೇಲಿಂದ ಬೀದಿಯತ್ತ ಇಣುಕಿದಳು. ಈ ಕಡೆ ನೋಡಿದಳು. ಆ ಕಡೆ ನೋಡಿದಳು.

"ರೀ, ಅಮ್ಮ ಎಲ್ಲಿ?"

ಬಲೆಯ ಶೆಡ್ಡಿನ ಬಾಗಿಲಲ್ಲಿ ಎರಡೂ ಕೈ ಎತ್ತಿ ಕುಣಿಯುತ್ತಿದ್ದ ಆಕೃತಿ ಗುಮಾಸ್ತರ ಕಣ್ಣಿಗೆ ಕಟ್ಟಿತು. ಎರಡೂ ಕೈ ಅಂದರೆ, ಅಲ್ಲೇ ನಿಲ್ಲಿ. ಇಡೀ ದಿನ ಕೂತು ಅತ್ತೆ ಆ ಸನ್ನೆಯನ್ನು ಎಷ್ಟು ಚೆನ್ನಾಗಿ ಕಲಿತಿದ್ದರು!

ಹೆಂಡತಿ ಅವರ ಕೈಯಿಂದ ಪಟ್ಟಿ ಕಿತ್ತುಕೊಂಡು, ಕೊನೆಯಲ್ಲಿ '೫. ಅಮ್ಮ' ಎಂದು ಬರೆದು, ಮಡಿಸಿ ಅವರ ಜೇಬಿಗೆ ತುರುಕಿದಳು.

"ಏಳು ಗಂಟೆಗೆ ಅಲ್ಲಿಗೇ ಹೋಗಿ ತಂಗೋ ಬಸ್ಸಿದೆ. ಓಡಿ!"

ಗುಮಾಸ್ತರು ಬನಿಯನ್ನಿನಲ್ಲೇ ಮೆಟ್ಟಿಲಿಳಿದರು. ನಾಲ್ಕು ಹೆಜ್ಜೆ ಹೋಗಿದ್ದರೋ ಇಲ್ಲವೋ, ಹಿಂದಿನಿಂದ ಅವಳು ಓಡಿ ಬಂದು, ಕೊರಳಿನಿಂದ ಮೂರು ಸುತ್ತನ್ನೂ ಬಿಚ್ಚಿ, ಮಫ್ಲರನ್ನು ಎದೆಗವುಚಿಕೊಂಡಳು.

"ಇದನ್ನಾದ್ರೂ ಇಲ್ಲೇ ಬಿಟ್ಟು ಹೋಗಿ."