ಯಜಮಾನರ ಬೆರಳು

ಹದಿನೇಳನೇ ನಂಬರಿನ ಮನೆಯ ಯಜಮಾನರು ಆ ಮನೆಯಲ್ಲಿ ವಾಸವಾಗಿಲ್ಲ. ಈ ಸಂಗತಿಯನ್ನು ಬೀದಿಯವರೆಲ್ಲ ಒಪ್ಪಿದ್ದಾರೆ, ಕಚೇರಿಯ ಕಡತದಲ್ಲಿ ಇದು ದಾಖಲಾಗಿದೆ, ಮನೆಯ ಬಾಗಿಲೇ ದಿನಕ್ಕೆ ನಾಲ್ಕು ಸಲ ಬಾಯಿಬಿಟ್ಟು ಹೇಳುತ್ತದೆ. ಇಷ್ಟಾದ ಮೇಲೂ ಅನುಮಾನವಿರುವವರು ತಮ್ಮ ಅನುಮಾನವನ್ನು ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು.

ಆ ಮನೆಯಲ್ಲಿ ಇರುವವರು ನಾಲ್ವರು. ಹೆಡ್ ಕ್ಲರ್ಕು, ಅವರ ಹೆಂಡತಿ, ಕಾಲೇಜಿಗೆ ಹೋಗುವ ಮಗಳು, ಹೆಂಡತಿಯನ್ನು ಹೆತ್ತ ಅತ್ತೆ. ಹೆಡ್ ಕ್ಲರ್ಕು ಕೆಲಸ ಮಾಡುವುದು ಜನರಿಗೆ ವಾಸದ ದೃಢೀಕರಣ ಪತ್ರ ಕೊಡುವ ಕಚೇರಿಯಲ್ಲಿ. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಅವರು ಒಂದು ಅರ್ಜಿಯನ್ನೂ ಮೊದಲ ಸಲಕ್ಕೆ ಮಂಜೂರು ಮಾಡಿದವರಲ್ಲ. ಕೇಳಿದ ಕೂಡಲೇ ಕೊಟ್ಟುಬಿಟ್ಟರೆ ಅರ್ಜಿಗೆ ಮರ್ಯಾದೆ ಎಲ್ಲುಳಿಯಿತು ಎಂಬುದು ಅವರ ವಾದ. ವಾದದಲ್ಲಿ ತೂಕವಿದೆ.

ಮನೆಯ ಹಳೆ ಬೀಗಕ್ಕೆ ಇದ್ದದ್ದು ಮೂರು ಕೀ. ಇರುವವರು ನಾಲ್ವರು. ಕೀ ಇಲ್ಲದವರು ಯಾರೋ ಅವರೇ ದಿನವೂ ಮೊದಲು ಮನೆಗೆ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ನಾಲ್ಕನೇ ಕೀ ಮಾಡಿಸುವುದು ಐದು ನಿಮಿಷದ ಕೆಲಸ. ಹಾಗಾಗಿ ಅದು ಯಾರ ತಲೆಗೂ ಹೊಳೆಯಲಿಲ್ಲ. ಇರಲಾರದವರು ಇರುವೆ ಬಿಟ್ಟುಕೊಂಡ ಹಾಗೆ, ಬೆರಳಿಟ್ಟರೆ ತೆರೆಯುವ, ಕನ್ನಡದಲ್ಲೇ ಮಾತಾಡುವ, ವೈಫೈ ಹಿಡಿದುಕೊಂಡು ಫೋನಿಗೆ ಚಾಡಿ ಹೇಳುವ ಒಂದು ಸ್ಮಾರ್ಟ್ ಬೀಗ ತರಿಸಿದರು. ಡಬ್ಬಿಯ ಮೇಲೆ ‘ಕೀಲಿಯಿಲ್ಲ, ತಂತಿಯಿಲ್ಲ, ಗೋಜಿಲ್ಲ’ ಎಂದು ಅಚ್ಚಾಗಿತ್ತು. ಮೊದಲೆರಡು ಮಾತು ನಿಜ.

ಹಳೆ ಬೀಗ ಕಿತ್ತು ಹೊಸದನ್ನು ಕೂರಿಸಲು ಬೀದಿ ಮೂಲೆಯಲ್ಲಿ ಕೀ ಮಾಡುವವನನ್ನು ಕರೆಸಿದರು. ಮಗಳು ಬಾಗಿಲಿಂದಲೇ, “ಅಜ್ಜೀ, ಬೀಗದವರು ಬಂದ್ರು” ಎಂದು ಕೂಗಿದಳು. ಅಜ್ಜಿಯ ಕಿವಿಗೆ ಬಿದ್ದದ್ದು ‘ಬೀಗರು ಬಂದ್ರು’ ಎಂದು. ಮೊಮ್ಮಗಳ ಮದುವೆಯೇ ಆಗಿಲ್ಲ, ಬೀಗರು ಎಲ್ಲಿಂದ ಉದುರಿದರು ಎಂದು ಒಂದು ಗಳಿಗೆ ಯೋಚಿಸಿದರೂ, ಬಂದವರನ್ನು ನಿಲ್ಲಿಸಿ ವಿಚಾರಣೆ ಮಾಡುವುದು ಸರಿಯಲ್ಲವೆಂದು ಒಳ್ಳೆ ಕುರ್ಚಿ ಎಳೆದು ಹಾಕಿ, ಕುಡಿಯಲು ನೀರು ಕೊಟ್ಟು, “ದಾರೀಲಿ ತೊಂದರೆ ಆಗಲಿಲ್ಲ ತಾನೆ?” ಎಂದರು.

“ಇಲ್ಲಮ್ಮಾ, ನಾಲ್ಕು ಹೆಜ್ಜೆ” ಎಂದ ಕೀ ಮಾಡುವವನು. ಇಷ್ಟು ಮರ್ಯಾದೆ ಅವನಿಗೆ ಅಭ್ಯಾಸವಿರಲಿಲ್ಲ.

ಕೆಲಸ ಶುರುವಾಯಿತು. ಹೆಡ್ ಕ್ಲರ್ಕು ನಡುಮನೆಯಲ್ಲಿ ಕೂತು, ಬೀಗದ ಜೊತೆ ಬಂದ ಅರವತ್ತನಾಲ್ಕು ಪುಟದ ನಿಯಮಾವಳಿಯನ್ನು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತ ಓದತೊಡಗಿದರು. ಕೀ ಮಾಡುವವನು ಬಾಗಿಲ ಬಳಿ ಮೊಣಕಾಲೂರಿ, ಬಲಗೈ ಹೆಬ್ಬೆರಳಿನಿಂದ ಬೀಗವನ್ನು ಬಾಗಿಲಿಗೆ ಅದುಮಿ ಹಿಡಿದು, ಎಡಗೈಯಲ್ಲಿ ಸ್ಕ್ರೂ ತಿರುಗಿಸುತ್ತಿದ್ದ. ಮಗಳು ವೈಫೈ ಪಾಸ್‌ವರ್ಡ್ ಒತ್ತಿದಳು. ಬೀಗ ಗಂಟಲು ಸರಿಮಾಡಿಕೊಂಡಿತು.

“ನಮಸ್ಕಾರ. ಯಜಮಾನರ ಬೆರಳನ್ನು ಇರಿಸಿ.”

ಹೆಂಡತಿ ಮದುವೆಯಾದಾಗಿನಿಂದ ಗಂಡನನ್ನು ಮೂರನೆಯವರ ಮುಂದೆ ಯಜಮಾನರು ಎಂದೇ ಹೇಳಿಕೊಂಡು ಬಂದವರು. ಬೀಗವೂ ಮೂರನೆಯವರೇ. “ಯಜಮಾನರು ಓದ್ತಾ ಇದಾರೆ, ಸ್ವಲ್ಪ ತಡಿಯಪ್ಪ” ಎಂದರು.

“ಯಜಮಾನರ ಬೆರಳನ್ನು ಇರಿಸಿ. ಒತ್ತಿ ಹಿಡಿಯಿರಿ.”

“ಏನ್ರೀ, ನಿಮ್ಮನ್ನ ಕರೀತಾ ಇದೆ.”

“ಒಂಬತ್ತನೇ ಪುಟದಲ್ಲಿದ್ದೀನಿ” ಎಂದರು ಹೆಡ್ ಕ್ಲರ್ಕು ತಲೆಯೆತ್ತದೆ. “ಪೂರ್ತಿ ಓದದೆ ಎಲ್ಲೂ ಬೆರಳೊತ್ತಬಾರದು. ಹಾಗೆ ಒತ್ತಿ ಎಷ್ಟು ಸಂಸಾರ ಹಾಳಾಗಿದೆ, ನನಗೆ ಗೊತ್ತು.”

“ಇನ್ನೂ ಒತ್ತಿ ಹಿಡಿಯಿರಿ” ಎಂದಿತು ಬೀಗ.

“ಇದಕ್ಕಿಂತ ಒತ್ತಿದರೆ ಬಾಗಿಲೇ ಬಿದ್ದು ಹೋಗುತ್ತೆ ಮಾರಾಯ” ಎನ್ನುತ್ತ ಕೀ ಮಾಡುವವನು ಹೆಬ್ಬೆರಳನ್ನು ಮತ್ತಷ್ಟು ಅದುಮಿದ.

“ಧನ್ಯವಾದ. ಯಜಮಾನರಿಗೆ ಸ್ವಾಗತ.”

ಮೊದಲು ಬೆರಳಿಟ್ಟವರೇ ಯಜಮಾನರೆಂಬ ನಿಯಮ ಇದ್ದದ್ದು ಹನ್ನೊಂದನೇ ಪುಟದಲ್ಲಿ. ಹೆಡ್ ಕ್ಲರ್ಕು ಅಲ್ಲಿಗೆ ಬರುವಷ್ಟರಲ್ಲಿ ಹೆಂಡತಿ, ಮಗಳು, ಅತ್ತೆ ಮೂವರೂ ಸದಸ್ಯರೆಂದು ಬೆರಳು ಕೊಟ್ಟು ಮುಗಿಸಿದ್ದರು. ಅರವತ್ತನಾಲ್ಕನೇ ಪುಟ ಮುಗಿಸಿ, ಕನ್ನಡಕ ಒರೆಸಿ, ಬೆರಳು ತೊಳೆದುಕೊಂಡು ಬಂದು ಅವರು ಗಂಭೀರವಾಗಿ ಬೀಗದ ಮೇಲೆ ಇಟ್ಟಾಗ ಅದು ಹೇಳಿತು: “ಸದಸ್ಯ ಸ್ಥಾನಗಳು ಭರ್ತಿಯಾಗಿವೆ. ತಮ್ಮನ್ನು ಅತಿಥಿ ಎಂದು ನೋಂದಾಯಿಸಲಾಗಿದೆ. ಅವಧಿ ಏಳು ದಿನ. ಆಮೇಲೆ ಮೂರು ತಿಂಗಳು ಪ್ರವೇಶವಿಲ್ಲ.”

ಹೆಡ್ ಕ್ಲರ್ಕು ಕಂಪನಿಗೆ ಫೋನ್ ಮಾಡಿದರು. ಅತ್ತ ಕಡೆ ಒಬ್ಬಾಕೆ ಜೇನು ಸವರಿದ ದನಿಯಲ್ಲಿ ಮಾತಾಡಿದಳು.

“ಯಜಮಾನರಿಗೆ ಫೋನ್ ಕೊಡಿ ಸಾರ್.”

“ನಾನೇ ಯಜಮಾನ.”

“ನಿಮ್ಮ ಬೆರಳು ಹಾಗೆ ಹೇಳ್ತಾ ಇಲ್ಲವಲ್ಲ ಸಾರ್. ನೀವು ಅತಿಥಿಗಳು. ಊಟ ತಿಂಡಿ ಎಲ್ಲ ಚೆನ್ನಾಗಿದೆಯಾ?”

“ಯಜಮಾನಿಕೆ ನನ್ನ ಹೆಸರಿಗೆ ಮಾಡಬೇಕು. ಹೇಗೆ?”

“ಬಹಳ ಸುಲಭ. ನಿಯಮ ಹದಿನಾಲ್ಕು. ನೀವು ಆ ಮನೆಯಲ್ಲಿ ವಾಸ ಇದ್ದೀರಿ ಅಂತ ಸರ್ಕಾರಿ ದೃಢೀಕರಣ ಪತ್ರ ಕಳಿಸಿ. ಅದೇ ದಿನ ಮಾಡಿಕೊಡ್ತೀವಿ.”

ಹೆಡ್ ಕ್ಲರ್ಕು ನಕ್ಕರು. ವಾಸದ ಪತ್ರಕ್ಕೆ ಅವರನ್ನು ಕೇಳುವುದೆಂದರೆ ಬಾವಿಯನ್ನು ಒಂದು ತಂಬಿಗೆ ನೀರು ಕೇಳಿದ ಹಾಗೆ.

“ಯಾಕಪ್ಪಾ ಇಷ್ಟೆಲ್ಲ?” ಎಂದಳು ಮಗಳು. “ನಾಲ್ಕು ಸ್ಕ್ರೂ. ಬಿಚ್ಚಿ ಪಕ್ಕಕ್ಕಿಡೋಣ.”

“ನಿಯಮ ಹದಿನಾಲ್ಕು ಇರುವಾಗ ಸ್ಕ್ರೂಡ್ರೈವರ್ ಹಿಡಿಯೋದು ದಂಗೆ ಕಣಮ್ಮ.”

ಅತ್ತೆ ತಮ್ಮ ಸದಸ್ಯ ಸ್ಥಾನ ಬಿಟ್ಟುಕೊಟ್ಟರೂ ಕೆಲಸ ಆಗುತ್ತಿತ್ತು. ಆ ಸೂಚನೆಯನ್ನು ಹೆಡ್ ಕ್ಲರ್ಕು ಸೌಮ್ಯವಾಗಿಯೇ ಮುಂದಿಟ್ಟರು.

“ನಾನು ಬಿಡಲ್ಲಪ್ಪ” ಎಂದರು ಅತ್ತೆ. “ಬೆರಳು ಸವೆದಿದೆ, ಗೆರೆ ಮೂಡ್ತಿಲ್ಲ ಅಂತ ಎಲ್ಲ ಕಚೇರಿಯವರೂ ನನ್ನ ವಾಪಸ್ ಕಳಿಸಿದಾರೆ. ನಿಮ್ಮ ಕಚೇರಿಯಿಂದಲೂ ಎರಡು ಸಲ ಹಾಗೇ ವಾಪಸ್ ಬಂದಿದ್ದೀನಿ. ಈ ವಯಸ್ಸಲ್ಲಿ ಇದೊಂದು ನನ್ನನ್ನ ನಾನೇ ಅಂತ ಒಪ್ಪಿದೆ.”

ಹೆಡ್ ಕ್ಲರ್ಕು ತಮ್ಮ ಸೂಚನೆಯನ್ನು ವಾಪಸ್ ಪಡೆದರು.

ಏಳು ದಿನಗಳ ಲೆಕ್ಕ ಓಡತೊಡಗಿತು. ಸಂಜೆ ಕಚೇರಿಯಿಂದ ಬಂದು ಹೆಡ್ ಕ್ಲರ್ಕು ಬೆರಳಿಟ್ಟರೆ, “ಅತಿಥಿಗಳು ಬಂದಿದ್ದಾರೆ, ಯಜಮಾನರನ್ನು ಕೇಳಲಾಗುತ್ತಿದೆ” ಎಂದು ಬೀದಿಗೆಲ್ಲ ಕೇಳುವಂತೆ ಸಾರುತ್ತಿತ್ತು. ಅತ್ತ ಮೂಲೆಯಲ್ಲಿ ಕೀ ಉಜ್ಜುತ್ತ ಕೂತವನ ಫೋನು, ಯಜಮಾನರದೆಂದು ಬೀಗಕ್ಕೆ ಜೋಡಿಸಿದ್ದರಿಂದ, ಗುಂಯ್ ಎನ್ನುತ್ತಿತ್ತು. ಅವನು ಅರವನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, ‘ಬರಲಿ’ ಎಂಬ ಗುಂಡಿ ಒತ್ತಿದ ಮೇಲೆ ಬಾಗಿಲು ತೆರೆಯುತ್ತಿತ್ತು. ಗಿರಾಕಿ ಹೆಚ್ಚಿದ್ದ ದಿನ ಅರ್ಧ ಗಂಟೆ ತಡವಾದದ್ದೂ ಉಂಟು.

“ನೀನೇ ಒಳಗಿಂದ ತೆಗೀಬಾರದೇನೇ?” ಎಂದು ಅವರು ಕಿಟಕಿಯಲ್ಲಿ ಹೆಂಡತಿಯನ್ನು ಕೇಳಿದರು.

“ನಿಯಮ ಇಪ್ಪತ್ತೆರಡು ನೀವೇ ಓದಿ ಹೇಳಿದ್ದಲ್ವೇನ್ರೀ? ಯಜಮಾನರನ್ನ ಕೇಳದೆ ಅತಿಥೀನ ಬಿಟ್ಟುಕೊಂಡರೆ ನನ್ನ ಬೆರಳೂ ಹೋಗುತ್ತೆ. ಇಬ್ಬರೂ ಮೆಟ್ಟಿಲ ಮೇಲೆ ಕೂತರೆ ಒಲೆ ಮೇಲಿನ ಹಾಲು ನೋಡೋರ್ಯಾರು?”

ಹೆಡ್ ಕ್ಲರ್ಕು ತಮ್ಮ ಕಚೇರಿಯಲ್ಲಿ ತಮಗೇ ಅರ್ಜಿ ಸಲ್ಲಿಸಿದರು. ಮೊದಲ ಸಲ ಫೋಟೋಗೆ ಅಂಟು ಹೆಚ್ಚಾಗಿದೆಯೆಂದು ತಾವೇ ವಾಪಸ್ ಮಾಡಿಕೊಂಡರು. ಎರಡನೇ ಸಲ ಸರಿಯಾಗಿತ್ತು. ಉಳಿದದ್ದು ಸ್ಥಳ ಪರಿಶೀಲನೆ. ಅದಕ್ಕೊಂದು ಸುತ್ತೋಲೆ ಇತ್ತು, ಮೂರು ವರ್ಷದ ಹಿಂದೆ ಬರೆದವರು ಇವರೇ, ಪ್ರಶಂಸೆಯೂ ಬಂದಿತ್ತು:

‘ಅರ್ಜಿದಾರರು ಪರಿಶೀಲಕರ ಸಮಕ್ಷಮದಲ್ಲಿ ಸ್ವಹಸ್ತದಿಂದ ಮನೆಯ ಬಾಗಿಲನ್ನು ತೆರೆದು ತೋರಿಸತಕ್ಕದ್ದು. ಇತರರು ತೆರೆದಲ್ಲಿ ಅದನ್ನು ವಾಸವೆಂದು ಪರಿಗಣಿಸತಕ್ಕದ್ದಲ್ಲ.’

ಪರಿಶೀಲನೆಯ ದಿನ ಗಂಡ ಕೀ ತೆಗೆದುಕೊಂಡು ಕೆಲಸಕ್ಕೆ ಹೋಗಿದ್ದ ಒಬ್ಬ ಹೆಂಗಸು ಈ ಸುತ್ತೋಲೆಯ ಪ್ರಕಾರ ಮೂರು ವರ್ಷದಿಂದ ತನ್ನ ಮನೆಯಲ್ಲಿ ಇಲ್ಲ. ಅಲ್ಲೇ ಅಡುಗೆ ಮಾಡುತ್ತಾಳೆ, ಅಲ್ಲೇ ಮಲಗುತ್ತಾಳೆ, ಆದರೆ ಇಲ್ಲ.

ಆರನೇ ದಿನ ಪರಿಶೀಲಕ ಬಂದ. ಹೆಡ್ ಕ್ಲರ್ಕರ ಕೈಕೆಳಗಿನವನೇ, ವಿಧೇಯ. ಹೆಡ್ ಕ್ಲರ್ಕು ಸ್ವಹಸ್ತವನ್ನು ಬೀಗದ ಮೇಲಿಟ್ಟರು.

“ಅತಿಥಿಗಳು ಬಂದಿದ್ದಾರೆ. ಯಜಮಾನರನ್ನು ಕೇಳಲಾಗುತ್ತಿದೆ.”

ಇಬ್ಬರೂ ಕಾದರು. ಆ ಹೊತ್ತಿನಲ್ಲಿ ಯಜಮಾನರು ಚಹಾ ಕುಡಿಯುತ್ತಿದ್ದರು.

“ಸಾರ್, ಏನಂತ ಬರೀಲಿ?”

“ಕಂಡದ್ದು ಬರಿ.”

“ಕಂಡದ್ದು ಬರೆದರೆ ನಿಮಗೆ ಕಷ್ಟ ಸಾರ್. ನಾನು ಆ ಕಡೆ ತಿರುಗಿ ನಿಂತ್ಕೊಳ್ಳಲಾ?”

“ಸಮಕ್ಷಮ ಅಂದ್ರೆ ಏನು? ಮುಖ ಈ ಕಡೆ ಇರಬೇಕು.”

ಪರಿಶೀಲಕ ಬರೆದ: ‘ಅರ್ಜಿದಾರರು ಸದರಿ ಮನೆಗೆ ಅತಿಥಿಯಾಗಿ ಬಂದುಹೋಗುತ್ತಿರುವುದು ಕಂಡುಬಂದಿದೆ. ಒಳಗಿದ್ದ ವೃದ್ಧೆಯನ್ನು ವಿಚಾರಿಸಲಾಗಿ, ಬೀಗರು ಮೂಲೆಯಲ್ಲಿದ್ದಾರೆ, ಅವರನ್ನು ಕೇಳಿ ಎಂದು ತಿಳಿಸಿರುತ್ತಾರೆ.’

ಏಳನೇ ದಿನ ಮಧ್ಯಾಹ್ನ ಆ ಕಡತ ಹೆಡ್ ಕ್ಲರ್ಕರ ಮೇಜಿಗೇ ಬಂತು. ಕಚೇರಿಯಲ್ಲಿ ಎಲ್ಲರೂ ಊಟಕ್ಕೆ ಹೋಗಿದ್ದರು. ಸಂಜೆ ಐದಕ್ಕೆ ಅತಿಥಿ ಅವಧಿ ಮುಗಿಯುತ್ತದೆ. ಐದಕ್ಕೆ ಮೊದಲು ‘ಮಂಜೂರು’ ಎಂದು ಮೂರಕ್ಷರ ಬರೆದು ಮೊಹರೊತ್ತಿದರೆ, ಇಪ್ಪತ್ತೆರಡು ವರ್ಷ ತಾವೇ ಸುಣ್ಣ ಬಳಿಸಿದ, ಸೋರುವ ನಲ್ಲಿಗೆ ಬಟ್ಟೆ ಸುತ್ತಿದ, ಮಗಳು ಅಂಬೆಗಾಲಿಟ್ಟ ಆ ಮನೆಗೆ ಅವರು ಹೋಗಬಹುದು. ಅವರು ಪೆನ್ನು ತೆಗೆದರು. ಪೆನ್ನು ಕಾಗದದ ಮೇಲೆ ಅರ್ಧ ಬೆರಳಿನಷ್ಟು ಎತ್ತರದಲ್ಲಿ ಬಹಳ ಹೊತ್ತು ನಿಂತಿತು. ಆಮೇಲೆ ಇಳಿದು, ಮುತ್ತು ಪೋಣಿಸಿದ ಅಕ್ಷರದಲ್ಲಿ ‘ತಿರಸ್ಕರಿಸಿದೆ’ ಎಂದು ಬರೆಯಿತು. ಹಿಂಬರಹವನ್ನು ಅರ್ಜಿದಾರರ ಖುದ್ದು ಕೈಗೆ ಮುಟ್ಟಿಸಬೇಕಾದ್ದರಿಂದ ಅವರು ಅದನ್ನು ಎಡಗೈಯಿಂದ ಬಲಗೈಗೆ ಕೊಟ್ಟುಕೊಂಡು, ಮುಟ್ಟಿದ್ದಕ್ಕೆ ಸಹಿ ಪಡೆದರು.

ನಾಲ್ಕೂವರೆಗೆ ಮೆಟ್ಟಿಲ ಮೇಲೆ ಸಭೆ ಸೇರಿತು. ಹೆಂಡತಿ ಗಂಡನ ಬಟ್ಟೆ ಒಂದು ಚೀಲದಲ್ಲಿ ಇಟ್ಟು ತಂದಿದ್ದರು. ಮಗಳು ಸ್ಕ್ರೂಡ್ರೈವರನ್ನು ಬೆನ್ನ ಹಿಂದೆ ಹಿಡಿದಿದ್ದಳು. ಯಜಮಾನರನ್ನು ಬರಮಾಡಿಕೊಳ್ಳಲಾಯಿತು. ಕೀ ಮಾಡುವವನು ಈ ಏಳು ದಿನದಲ್ಲಿ ದಿನವೂ ಶರ್ಟು ಇಸ್ತ್ರಿ ಮಾಡಿಸುವುದನ್ನು ಕಲಿತಿದ್ದ; ಬೀದಿಯವರೂ ಅವನನ್ನು ಯಜಮಾನರೇ ಎಂದು ಕರೆಯತೊಡಗಿದ್ದರು.

“ಸಾರ್, ನನಗೂ ಈ ಉಸಾಬರಿ ಬೇಕಾಗಿರಲಿಲ್ಲ” ಎಂದು ಅವನು ಫೋನು ತೆಗೆದು ತೋರಿಸಿದ. “ಇಲ್ಲಿ ಇನ್ನೊಂದು ಪಟ್ಟಿ ಇದೆ ನೋಡಿ. ‘ಕೆಲಸದವರು’ ಅಂತ. ಖಾಲಿ ಬಿದ್ದಿದೆ.”

“ನನ್ನ ಗಂಡನ್ನ ಕೆಲಸದವರ ಪಟ್ಟೀಲಿ?” ಎಂದರು ಹೆಂಡತಿ.

“ಮರ್ಯಾದೆಯ ಮಾತಲ್ಲಮ್ಮ, ಬಾಗಿಲ ಮಾತು. ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ನಾಲ್ಕರಿಂದ ಎಂಟು ಬೆರಳಿಟ್ಟರೆ ತಾನೇ ತೆರೆಯುತ್ತೆ. ನನ್ನನ್ನ ಕೇಳೋದೂ ಇಲ್ಲ. ಒಳಗೆ ಹೋದವರು ಹೊರಗೆ ಬರದಿದ್ದರೆ ಅದಕ್ಕೆ ಚಿಂತೆಯಿಲ್ಲ.”

“ಅವಧಿ ಎಷ್ಟು?” ಎಂದರು ಹೆಡ್ ಕ್ಲರ್ಕು.

“ಅವಧಿ ಇಲ್ಲ ಸಾರ್. ಖಾಯಂ.”

ಆ ಪದ ಕಿವಿಗೆ ಬಿದ್ದದ್ದೇ ಹೆಡ್ ಕ್ಲರ್ಕರ ಬೆನ್ನು ತಾನಾಗಿ ನೆಟ್ಟಗಾಯಿತು. ಅತಿಥಿ ಎಂಬುದು ತಾತ್ಕಾಲಿಕ ಹುದ್ದೆ, ಇವತ್ತಿದ್ದು ನಾಳೆ ಇಲ್ಲ. ಖಾಯಂ ಎಂದರೆ ಖಾಯಂ.

“ಲಿಖಿತ ಆದೇಶ ಬೇಕು” ಎಂದರು. ಕೀ ಮಾಡುವವನು ಅವರು ಹೇಳಿದಂತೆ ಬರೆದುಕೊಟ್ಟ. ಬೀಗವು ‘ಕೆಲಸದ ವಿವರ’ ಕೇಳಿತು. ಹೆಂಡತಿ ಬಟ್ಟೆಯ ಚೀಲ ಕೆಳಗಿಟ್ಟು ಒಂದು ಕ್ಷಣ ಯೋಚಿಸಿದರು. ಇಂಥ ಪ್ರಶ್ನೆಯನ್ನು ಇಷ್ಟು ವರ್ಷ ಅವರನ್ನು ಯಾರೂ ಕೇಳಿರಲಿಲ್ಲ. ಆಮೇಲೆ ತಡವರಿಸದೆ ಹೇಳಿದರು: ತರಕಾರಿ ತರುವುದು, ಹೆಚ್ಚುವುದು, ಕಸ ಹೊರಹಾಕುವುದು, ಒಣಗಿದ ಬಟ್ಟೆ ಮಡಚುವುದು, ಅಮ್ಮನಿಗೆ ಮಾತ್ರೆ ಕೊಡುವುದು. ಮಗಳು ‘ಇತ್ಯಾದಿ’ ಎಂದು ಸೇರಿಸಿದಳು. ಐದು ಹೊಡೆಯಲು ಎರಡು ನಿಮಿಷವಿರುವಾಗ ಹೆಡ್ ಕ್ಲರ್ಕು ಬೆರಳಿಟ್ಟರು. ಬಾಗಿಲು ಯಾರನ್ನೂ ಕೇಳದೆ ತೆರೆದುಕೊಂಡಿತು.

ಈಗ ಎಲ್ಲವೂ ಸುಸೂತ್ರವಾಗಿದೆ. ಬೆಳಿಗ್ಗೆ ಹೆಡ್ ಕ್ಲರ್ಕು ಹಾಲಿಗೆಂದು ಹೊರಗೆ ಹೋಗಿ ಬಂದು ಬೆರಳೊತ್ತುತ್ತಾರೆ, ಅದೇ ಹಾಜರಿ. ತಡವಾದರೆ ಅತ್ತೆ ಗಡಿಯಾರ ನೋಡುತ್ತಾರೆ. ಮಡಚಿದ ಬಟ್ಟೆಯ ಅಂಚು ಅಂಚಿಗೆ ಕೂಡುತ್ತದೆ. ಹೆಚ್ಚಿದ ಹುರುಳಿಕಾಯಿ ಎಲ್ಲ ಒಂದಳತೆ. ಇಂಥ ಕೆಲಸದವರು ಎಲ್ಲಿ ಸಿಗುತ್ತಾರೆ ಎಂದು ಪಕ್ಕದ ಮನೆಯಾಕೆ ಕೇಳಿಕೊಂಡು ಹೋಗಿದ್ದಾರೆ.

ಕಳೆದ ವಾರ ಅವರಿಗೆ ಸ್ವಲ್ಪ ನೆಗಡಿಯಾಗಿತ್ತು. ಭಾನುವಾರ ಒಂದು ದಿನ ಮಲಗಿಬಿಡಬಹುದಿತ್ತು. ಮನೆಯಲ್ಲಿ ಬೇಡವೆನ್ನುವವರೂ ಇರಲಿಲ್ಲ. ಆದರೆ ಅವರು ಮೂಲೆಗೆ ನಡೆದುಹೋಗಿ, ಸರದಿಯಲ್ಲಿ ಇಬ್ಬರು ಗಿರಾಕಿಗಳ ಹಿಂದೆ ನಿಂತು, ರಜಾ ಅರ್ಜಿ ಕೊಟ್ಟರು. ಯಜಮಾನರು ಅರ ಕೆಳಗಿಟ್ಟು ಅದನ್ನು ಎರಡು ಸಲ ಓದಿದರು.

“ಬದಲಿ ವ್ಯವಸ್ಥೆ ಏನು ಅಂತ ಬರೆದಿಲ್ಲವಲ್ಲ. ನಾಳೆ ಸರಿಮಾಡಿಕೊಂಡು ಬನ್ನಿ.”

ಹೆಡ್ ಕ್ಲರ್ಕು ಅರ್ಜಿ ವಾಪಸ್ ತೆಗೆದುಕೊಂಡು ನಾಲ್ಕಾಗಿ ಮಡಚಿ ಜೇಬಿಗಿಟ್ಟರು. ಮನೆಗೆ ಬಂದು ಮೂಗೊರೆಸಿಕೊಳ್ಳುತ್ತ ಹುರುಳಿಕಾಯಿ ಮುಂದೆ ಕೂತಾಗ ಅವರ ಮುಖದಲ್ಲಿ ತೃಪ್ತಿ ತುಂಬಿತ್ತು.

“ಮೊದಲ ಸಲಕ್ಕೆ ಕೊಡಲಿಲ್ಲ ಕಣೇ” ಎಂದರು ಹೆಂಡತಿಗೆ. “ಮನುಷ್ಯನಿಗೆ ಕೆಲಸ ಗೊತ್ತು.”